ಡಿವಿಡೆಂಡ್ ನಂಬಿ ಷೇರು ಕೊಳ್ಳುವ ಮುನ್ನ



ಕಳೆದ ಮಳೆಗಾಲದಲ್ಲಿ ಒಂದೇ ವಾರ ಇಬ್ಬರು ನಮ್ಮ ಕಚೇರಿಗೆ ಬಂದರು. ಮೊದಲು ಬಂದವರು ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ. ಟ್ರಂಕಿನ ತಳದಲ್ಲಿ ಸಿಕ್ಕಿದ ಷೇರು ಪತ್ರವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಅದು ನಮ್ಮ ಕರಾವಳಿಯ ಹಳೆಯ ಬ್ಯಾಂಕೊಂದರ ಷೇರು. "ಈ ಬ್ಯಾಂಕೇ ಈಗ ಇಲ್ಲವಲ್ಲ ಫಾದರ್, ಇದನ್ನು ಇಟ್ಟುಕೊಂಡು ಏನು ಮಾಡೋದು?" ಎಂದು ಕೇಳಿದರು.

ಎರಡು ದಿನ ಬಿಟ್ಟು ಬಂದವರು ಗಲ್ಫ್‌ನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಊರಿಗೆ ಮರಳಿದ ಅರವತ್ತೊಂದು ವರ್ಷದ ಹಿರಿಯರು. ಅವರ ಕೈಯಲ್ಲಿ ಬಣ್ಣದ ಕರಪತ್ರ ಇತ್ತು. "ಷೇರು ಮಾರುಕಟ್ಟೆಯಲ್ಲಿ ಹಣ ಹೂಡಿ, ತಿಂಗಳಿಗೆ ಶೇ. 3 ಡಿವಿಡೆಂಡ್ ಗ್ಯಾರಂಟಿ" ಎಂದು ಅದರಲ್ಲಿ ಅಚ್ಚಾಗಿತ್ತು. ದುಡಿದು ಉಳಿಸಿದ್ದನ್ನೆಲ್ಲ ಅದಕ್ಕೆ ಹಾಕಲು ಅವರು ಹೊರಟಿದ್ದರು. ಹೆಂಡತಿ ಹಟ ಹಿಡಿದು, "ಒಂದು ಮಾತು ಕೇಳಿಕೊಂಡು ಬನ್ನಿ" ಎಂದು ಕಳಿಸಿದ್ದರು.

ಆ ಎರಡು ಕಾಗದಗಳಲ್ಲಿ ಮಾಸಿದ ಹಳೆಯ ಕಾಗದಕ್ಕೆ ಬೆಲೆ ಇತ್ತು. ಬಣ್ಣದ ಕಾಗದಕ್ಕೆ ಇರಲಿಲ್ಲ. ಯಾಕೆ ಅನ್ನೋದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. ಇಂಥ ಷೇರನ್ನೇ ಕೊಳ್ಳಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ, ಹಾಗೆ ಹೇಳುವ ಅಧಿಕಾರವೂ ನಮಗಿಲ್ಲ. ಇಲ್ಲಿ ಬರುವ ಕಂಪನಿಗಳ ಹೆಸರು ಉದಾಹರಣೆಗೆ ಮಾತ್ರ. ಕೊಳ್ಳುವ ಮುನ್ನ ಯಾವ ಪ್ರಶ್ನೆ ಕೇಳಬೇಕು ಅನ್ನೋದು ತಿಳಿದರೆ ಸಾಕು.

ಡಿವಿಡೆಂಡ್ ಎಂದರೆ ಏನು?

ಈ ಶಬ್ದ ನಮಗೆ ಹೊಸದಲ್ಲ. ಚೀಟಿ ಹಾಕಿದವರಿಗೆ ಗೊತ್ತು: ಹರಾಜಿನಲ್ಲಿ ಬಿಟ್ಟ ಹಣವನ್ನು ಎಲ್ಲರಿಗೂ ಹಂಚುವುದನ್ನು ಅಲ್ಲಿ ಡಿವಿಡೆಂಡ್ ಅನ್ನುತ್ತಾರೆ. ನಮ್ಮ ಊರಿನ ಸಹಕಾರಿ ಸೊಸೈಟಿಯ ಮಹಾಸಭೆಯಲ್ಲಿ ಅಧ್ಯಕ್ಷರು "ಈ ವರ್ಷ ಸದಸ್ಯರಿಗೆ ಶೇಕಡ ಇಷ್ಟು ಡಿವಿಡೆಂಡ್" ಎಂದು ಘೋಷಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ.

ಕಂಪನಿಯ ಡಿವಿಡೆಂಡೂ ಸೊಸೈಟಿಯದರಂತೆ ಲಾಭದ ಪಾಲು. ಒಂದು ಕಂಪನಿಯ ಷೇರು ಕೊಂಡರೆ ನೀವು ಅದರಲ್ಲಿ ಒಬ್ಬ ಸಣ್ಣ ಪಾಲುದಾರ. ಕಂಪನಿಗೆ ಬಂದ ಲಾಭದಲ್ಲಿ ಸ್ವಲ್ಪವನ್ನು ವ್ಯಾಪಾರ ಬೆಳೆಸಲು ಉಳಿಸಿಕೊಂಡು, ಸ್ವಲ್ಪವನ್ನು ಪಾಲುದಾರರಿಗೆ ಹಂಚುತ್ತಾರೆ. ಎಷ್ಟು ಹಂಚಬೇಕು ಎಂದು ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ವರ್ಷದ ಕೊನೆಯ ಡಿವಿಡೆಂಡಿಗೆ ಮಹಾಸಭೆಯ ಒಪ್ಪಿಗೆಯೂ ಬೇಕು. ಘೋಷಿಸಿದ ಮೇಲೆ 30 ದಿನಗಳೊಳಗೆ ಹಣ ಕೊಡಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ.

ಆದರೆ ಘೋಷಿಸಲೇಬೇಕು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಬಡ್ಡಿ ಕೊಡುವುದು ಬ್ಯಾಂಕಿನ ಕರ್ತವ್ಯ. ಡಿವಿಡೆಂಡ್ ಹಾಗಲ್ಲ. ಲಾಭ ಇಲ್ಲದ ವರ್ಷ, ಅಥವಾ ಲಾಭ ಇದ್ದೂ ಹಣ ಬೇರೆ ಕೆಲಸಕ್ಕೆ ಬೇಕಾದ ವರ್ಷ, ಕಂಪನಿ ಒಂದು ಪೈಸೆ ಕೊಡದೆ ಇರಬಹುದು. ಆದ್ದರಿಂದ "ಡಿವಿಡೆಂಡ್ ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ ಆ ಮಾತೇ ಸುಳ್ಳು. ಗಲ್ಫ್‌ನಿಂದ ಬಂದ ಹಿರಿಯರಿಗೆ ನಾವು ಮೊದಲು ಹೇಳಿದ್ದು ಇದನ್ನೇ. ತಿಂಗಳಿಗೆ ಶೇ. 3 ಅಂದರೆ ವರ್ಷಕ್ಕೆ ಶೇ. 36. ನಮ್ಮ ದೇಶದ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ ಪಟ್ಟಿಯನ್ನು ನೋಡಿದರೆ, ಅವು ಈಚಿನ ವರ್ಷಗಳಲ್ಲಿ ಒಟ್ಟಾರೆ ಕೊಟ್ಟ ಡಿವಿಡೆಂಡ್ ಷೇರಿನ ಬೆಲೆಯ ಶೇ. 1ರಿಂದ 1.5ರ ಆಸುಪಾಸಿನಲ್ಲಿದೆ. ಅಷ್ಟು ದೊಡ್ಡ ಕಂಪನಿಗಳಿಗೆ ಆಗದ್ದು ಬಣ್ಣದ ಕರಪತ್ರದವರಿಗೆ ಹೇಗೆ ಆಗುತ್ತದೆ? ಹೊಸಬರಿಂದ ತೆಗೆದುಕೊಂಡ ಹಣವನ್ನು ಹಳಬರಿಗೆ ಕೊಟ್ಟರೆ ಮಾತ್ರ ಆಗುತ್ತದೆ. ಹೊಸಬರು ಬರುವುದು ನಿಂತ ದಿನ ಎಲ್ಲವೂ ನಿಲ್ಲುತ್ತದೆ. ಅನುಮತಿ ಇಲ್ಲದೆ ಜನರಿಂದ ಠೇವಣಿ ಎತ್ತುವುದನ್ನು 2019ರ ಕಾಯ್ದೆಯೊಂದು ಅಪರಾಧವೆಂದು ಸಾರಿದೆ. ಆದರೆ ಕಾಯ್ದೆ ಬರುವಷ್ಟರಲ್ಲಿ ಹೋದ ಹಣ ಹೋಗಿರುತ್ತದೆ.

ಮೊದಲು ಭದ್ರ ಹಣ, ಆಮೇಲೆ ಷೇರು

ಷೇರಿಗೆ ಎಷ್ಟು ಹಾಕಬಹುದು ಎಂದು ಕೇಳುವವರಿಗೆ ನಾವು ತಿರುಗಿ ನಾಲ್ಕು ಪ್ರಶ್ನೆ ಕೇಳುತ್ತೇವೆ. ಕೈಸಾಲ, ಚಿನ್ನದ ಸಾಲ ಏನಾದರೂ ಇದೆಯಾ? ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇದೆಯಾ? ಆಸ್ಪತ್ರೆ ಖರ್ಚಿಗೆ ವಿಮೆ ಇದೆಯಾ? ಮುಂದಿನ ಐದು ವರ್ಷಗಳಲ್ಲಿ ಮಗಳ ಮದುವೆ, ಮನೆಯ ಮಾಡು, ಮಕ್ಕಳ ಫೀಸು ಅಂತ ದೊಡ್ಡ ಖರ್ಚು ಬರುವುದಿದೆಯಾ? ಸಾಲ ಇದ್ದರೆ ಅದನ್ನು ತೀರಿಸುವುದೇ ಒಳ್ಳೆಯ ಹೂಡಿಕೆ. ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿಗೆ ಹಾಕಲೇಬಾರದು.

ಅರವತ್ತು ದಾಟಿದವರಿಗೆ ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಲ್ಲಿ ಇದರ ಮಿತಿ 30 ಲಕ್ಷಕ್ಕೆ, ಬಡ್ಡಿ ಶೇ. 8.2ಕ್ಕೆ ಏರಿತು. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಾಗಾಗಿ ಹಣ ಇಡುವ ದಿನ ಕೇಳಿ ತಿಳಿಯಿರಿ. ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಶೇ. 8.2ರಲ್ಲಿ 3 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 6,150 ರೂಪಾಯಿ ಕೈಗೆ ಬರುತ್ತದೆ. ಬ್ಯಾಂಕ್ ಠೇವಣಿಗಾದರೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಷೇರಿಗೆ ಇಂಥ ಯಾವ ವಿಮೆಯೂ ಇಲ್ಲ.

"ಹಾಗಾದರೆ ಷೇರು ಯಾಕೆ ಬೇಕು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಠೇವಣಿಯ ಬಡ್ಡಿ ಐದು ವರ್ಷ ಅಷ್ಟೇ ಇರುತ್ತದೆ. ಅಕ್ಕಿ, ಗ್ಯಾಸ್, ಮದ್ದಿನ ಬೆಲೆ ಅಷ್ಟೇ ಇರುವುದಿಲ್ಲ. ಒಳ್ಳೆಯ ಕಂಪನಿಯ ಡಿವಿಡೆಂಡ್ ಮೊದಲ ವರ್ಷ ಬಡ್ಡಿಗಿಂತ ಕಡಿಮೆ ಇದ್ದರೂ ವರ್ಷದಿಂದ ವರ್ಷಕ್ಕೆ ಏರುವ ಸಾಧ್ಯತೆ ಇದೆ. ಬೆಂಗಳೂರಿನ ಇನ್ಫೋಸಿಸ್ ಒಂದು ಷೇರಿಗೆ 2019-20ನೇ ಸಾಲಿಗೆ 17.50 ರೂಪಾಯಿ ಕೊಟ್ಟಿತ್ತು. 2020-21ಕ್ಕೆ 27, 2021-22ಕ್ಕೆ 31, 2022-23ಕ್ಕೆ 34 ಆಯಿತು. 2023-24ಕ್ಕೆ 8 ರೂಪಾಯಿಯ ವಿಶೇಷ ಡಿವಿಡೆಂಡ್ ಸೇರಿ 46, 2024-25ಕ್ಕೆ 43. ಐದು ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಇಂದಿನ ಖರ್ಚಿಗೆ ಠೇವಣಿ, ಹತ್ತು ಹದಿನೈದು ವರ್ಷದ ಮೇಲಿನ ಖರ್ಚಿಗೆ ಷೇರು ಎಂದು ತಿಳಿದರೆ ತಪ್ಪಾಗಲಾರದು.

860 ಪರ್ಸೆಂಟ್ ಎಂದರೆ ಎಷ್ಟು?

ನಮ್ಮ ಜನ ಹೆಚ್ಚು ಮೋಸ ಹೋಗುವುದು ಶೇಕಡ ಲೆಕ್ಕದಲ್ಲಿ. ಸೊಸೈಟಿಯಲ್ಲಿ 100 ರೂಪಾಯಿ ಮುಖಬೆಲೆಯ ಷೇರನ್ನು 100 ರೂಪಾಯಿಗೇ ಕೊಳ್ಳುತ್ತೇವೆ. ಶೇ. 10 ಡಿವಿಡೆಂಡ್ ಅಂದರೆ 10 ರೂಪಾಯಿ. ಲೆಕ್ಕ ಸರಿಯಾಗಿದೆ. ಷೇರು ಪೇಟೆಯಲ್ಲಿ ಹಾಗಿಲ್ಲ. ಅಲ್ಲಿಯೂ ಶೇಕಡವನ್ನು ಮುಖಬೆಲೆಯ ಮೇಲೆ ಹೇಳುತ್ತಾರೆ, ಆದರೆ ನಾವು ಕೊಳ್ಳುವುದು ಪೇಟೆಯ ಬೆಲೆಗೆ.

ಇನ್ಫೋಸಿಸ್ ಷೇರಿನ ಮುಖಬೆಲೆ 5 ರೂಪಾಯಿ. 43 ರೂಪಾಯಿ ಡಿವಿಡೆಂಡ್ ಎಂದರೆ ಮುಖಬೆಲೆಯ ಮೇಲೆ ಶೇ. 860! ಕೇಳಿದರೆ ತಲೆ ತಿರುಗುತ್ತದೆ. ಆದರೆ ಆ ಷೇರನ್ನು ನೀವು 1,500 ರೂಪಾಯಿ ಕೊಟ್ಟು ಕೊಂಡಿದ್ದರೆ ನಿಮಗೆ ಬಂದದ್ದು 1,500ಕ್ಕೆ 43, ಅಂದರೆ ಶೇ. 2.87 ಮಾತ್ರ. ಇದನ್ನೇ ಡಿವಿಡೆಂಡ್ ಯೀಲ್ಡ್ ಎನ್ನುತ್ತಾರೆ. ಲೆಕ್ಕ ಸುಲಭ: ಒಂದು ವರ್ಷದಲ್ಲಿ ಒಂದು ಷೇರಿಗೆ ಬಂದ ರೂಪಾಯಿಯನ್ನು ಷೇರಿನ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಿ. "ಶೇಕಡ 200, ಶೇಕಡ 800" ಎಂದು ಯಾರಾದರೂ ಹೇಳಿದರೆ "ರೂಪಾಯಿ ಎಷ್ಟು, ಬೆಲೆ ಎಷ್ಟು?" ಎಂದು ಕೇಳಿ.

ಷೇರನ್ನು ತುಂಡು ಮಾಡಿದಾಗಲೂ ಗೊಂದಲ ಆಗುತ್ತದೆ. ಕೆನರಾ ಬ್ಯಾಂಕ್ 2023-24ಕ್ಕೆ 10 ರೂಪಾಯಿ ಮುಖಬೆಲೆಯ ಷೇರಿಗೆ 16.10 ರೂಪಾಯಿ ಘೋಷಿಸಿತು. 2024ರ ಮೇ ತಿಂಗಳಲ್ಲಿ ಒಂದು ಷೇರನ್ನು ಐದು ಮಾಡಿ, ಮುಖಬೆಲೆ 2 ರೂಪಾಯಿಗೆ ಇಳಿಸಿದರು. 2024-25ಕ್ಕೆ ಬಂದದ್ದು ಷೇರಿಗೆ 4 ರೂಪಾಯಿ. "ಹದಿನಾರು ಇದ್ದದ್ದು ನಾಲ್ಕಾಯಿತಲ್ಲ" ಎಂದು ಬೇಸರ ಮಾಡಿಕೊಂಡವರಿದ್ದಾರೆ. ನಿಜವಾಗಿ ಒಂದರ ಜಾಗದಲ್ಲಿ ಐದು ಷೇರು ಇರುವುದರಿಂದ 16.10 ಇದ್ದದ್ದು 20 ಆಗಿದೆ.

ಆರಿಸುವಾಗ ನೋಡಬೇಕಾದ ಐದು ವಿಷಯಗಳು

1. ಕಷ್ಟದ ವರ್ಷದಲ್ಲಿ ಏನು ಮಾಡಿತು?

ಒಂದು ವರ್ಷದ ಡಿವಿಡೆಂಡ್ ನೋಡಬೇಡಿ, ಹತ್ತು ವರ್ಷದ್ದು ನೋಡಿ. ಅದರಲ್ಲೂ 2008-09ರ ಜಾಗತಿಕ ಕುಸಿತ, 2020-21ರ ಕೊರೊನಾ ಕಾಲ, ಇಂಥ ವರ್ಷಗಳಲ್ಲಿ ಕೊಟ್ಟಿತಾ, ಕಡಿಮೆ ಮಾಡಿತಾ, ನಿಲ್ಲಿಸಿತಾ ನೋಡಿ. ಒಮ್ಮೆ ನಿಲ್ಲಿಸಿದ ಮಾತ್ರಕ್ಕೆ ಕಂಪನಿ ಕೆಟ್ಟದು ಎಂದಲ್ಲ. 2020ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕೇ ಎಲ್ಲ ಬ್ಯಾಂಕುಗಳಿಗೆ ಆ ಸಾಲಿನ ಡಿವಿಡೆಂಡ್ ಕೊಡಬೇಡಿ ಎಂದು ಆದೇಶಿಸಿತ್ತು. ಆ ವರ್ಷ ಗಟ್ಟಿ ಬ್ಯಾಂಕುಗಳ ಪಾಲುದಾರರಿಗೂ ಕೈ ಖಾಲಿ. ಕೆನರಾ ಬ್ಯಾಂಕಿನಲ್ಲಿ 2017-18ರ ದೊಡ್ಡ ನಷ್ಟದ ನಂತರ ಕೆಲವು ವರ್ಷ ಡಿವಿಡೆಂಡ್ ಇರಲಿಲ್ಲ. ಆಮೇಲೆ 2021-22ಕ್ಕೆ 6.50, 2022-23ಕ್ಕೆ 12 ರೂಪಾಯಿ ಎಂದು ಮತ್ತೆ ಆರಂಭವಾಯಿತು. ಅದೊಂದನ್ನೇ ನಂಬಿ ಮನೆ ನಡೆಸುತ್ತಿದ್ದವರು ಆ ವರ್ಷಗಳಲ್ಲಿ ಏನು ಮಾಡಬೇಕಿತ್ತು? ಬ್ಯಾಂಕ್ ಷೇರು ಒಂದನ್ನೇ ನೆಚ್ಚಿಕೊಳ್ಳಬಾರದು ಅನ್ನುವುದು ಇದಕ್ಕೇ.

2. ಲಾಭದಲ್ಲಿ ಎಷ್ಟನ್ನು ಹಂಚುತ್ತದೆ?

ನೂರು ರೂಪಾಯಿ ಸಂಪಾದಿಸಿ ನಲವತ್ತು ಐವತ್ತು ಕೊಡುವ ಮನೆ ನಾಳೆಯೂ ಕೊಡಬಲ್ಲದು. ನೂರು ಸಂಪಾದಿಸಿ ನೂರಿಪ್ಪತ್ತು ಕೊಡುವ ಮನೆ ಪಾತ್ರೆ ಮಾರುತ್ತಿದೆ ಎಂದೇ ಅರ್ಥ. ಕಂಪನಿಯೂ ಹಾಗೆಯೇ. ಒಂದು ಷೇರಿಗೆ ಬಂದ ಲಾಭ ಮತ್ತು ಒಂದು ಷೇರಿಗೆ ಕೊಟ್ಟ ಡಿವಿಡೆಂಡ್, ಎರಡನ್ನೂ ವಾರ್ಷಿಕ ವರದಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಹೊಸ ಕಾರ್ಖಾನೆ ಕಟ್ಟುವ ಅಗತ್ಯ ಕಡಿಮೆ ಇರುವ ಸಾಫ್ಟ್‌ವೇರ್‌ನಂಥ ಕಂಪನಿಗಳು ಹೆಚ್ಚು ಪಾಲು ಹಂಚಬಹುದು. ಸಿಮೆಂಟು, ಉಕ್ಕಿನ ಕಂಪನಿಗಳಿಗೆ ಅಷ್ಟು ಆಗುವುದಿಲ್ಲ.

ಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ ಸಾವಿರ ಸ್ಥಾನದಲ್ಲಿರುವ ಕಂಪನಿಗಳು ತಮ್ಮ ಡಿವಿಡೆಂಡ್ ನೀತಿಯನ್ನು ಬರೆದು ಪ್ರಕಟಿಸಬೇಕು ಎಂದು ಸೆಬಿ 2021ರಲ್ಲಿ ನಿಯಮ ಮಾಡಿದೆ. ಕೇಂದ್ರ ಸರ್ಕಾರದ ಕಂಪನಿಗಳಿಗೂ ಒಂದು ಸೂಚನೆ ಇದೆ: 2024ರ ನವೆಂಬರ್‌ನ ಮಾರ್ಗಸೂಚಿಯಂತೆ ಲಾಭದ ಶೇ. 30 ಅಥವಾ ನಿವ್ವಳ ಆಸ್ತಿಯ ಶೇ. 4, ಯಾವುದು ಹೆಚ್ಚೋ ಅಷ್ಟನ್ನು ಕನಿಷ್ಠ ಹಂಚಬೇಕು. ಸರ್ಕಾರಿ ಕಂಪನಿಗಳು ಡಿವಿಡೆಂಡಿಗೆ ಹೆಸರಾಗಿರುವುದಕ್ಕೆ ಇದೂ ಒಂದು ಕಾರಣ.

3. ಸಾಲ ಎಷ್ಟಿದೆ?

ಕಂಪನಿ ಮೊದಲು ಸಾಲದ ಬಡ್ಡಿ ಕಟ್ಟಬೇಕು, ತೆರಿಗೆ ಕಟ್ಟಬೇಕು. ಉಳಿದರೆ ಮಾತ್ರ ಪಾಲುದಾರರಿಗೆ. ಸಾಲ ಜಾಸ್ತಿ ಇರುವಲ್ಲಿ ಕೆಟ್ಟ ವರ್ಷ ಬಂದರೆ ಮೊದಲು ಕತ್ತರಿ ಬೀಳುವುದು ಡಿವಿಡೆಂಡಿಗೆ. ಕಂಪನಿ ಮುಳುಗಿದರೆ ಕೊನೆಯ ಸಾಲಿನಲ್ಲಿ ನಿಲ್ಲುವವರೂ ಪಾಲುದಾರರೇ. ಗೃಹಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿ ಹಿಂದೆ ಡಿವಿಡೆಂಡ್ ಕೊಡುತ್ತಿತ್ತು. ದಿವಾಳಿಯಾಗಿ 2021ರಲ್ಲಿ ಬೇರೆಯವರ ಕೈಗೆ ಹೋದಾಗ ಹಳೆಯ ಪಾಲುದಾರರ ಷೇರಿನ ಬೆಲೆ ಸೊನ್ನೆಯಾಯಿತು.

4. ಯೀಲ್ಡ್ ಅತಿಯಾಗಿದ್ದರೆ ಕಾರಣ ಹುಡುಕಿ

ಯೀಲ್ಡ್ ಎರಡು ರೀತಿಯಲ್ಲಿ ಹೆಚ್ಚಾಗುತ್ತದೆ. ಡಿವಿಡೆಂಡ್ ಏರಿದರೂ ಹೆಚ್ಚಾಗುತ್ತದೆ, ಷೇರಿನ ಬೆಲೆ ಬಿದ್ದರೂ ಹೆಚ್ಚಾಗುತ್ತದೆ. ಎರಡನೆಯದಾಗಿದ್ದರೆ ಅದು ಸಂತೋಷದ ಸುದ್ದಿಯಲ್ಲ.

ವೇದಾಂತ ಕಂಪನಿ 2022-23ರಲ್ಲಿ ಒಂದು ಷೇರಿಗೆ 101.50 ರೂಪಾಯಿ ಹಂಚಿತು. ಷೇರಿನ ಬೆಲೆಯ ಮೂರನೇ ಒಂದು ಪಾಲು ಒಂದೇ ವರ್ಷದಲ್ಲಿ ಬಂತಲ್ಲ ಎಂದು ಬಹಳ ಜನ ಮುಗಿಬಿದ್ದು ಕೊಂಡರು. ಆದರೆ ಅದು ಆ ವರ್ಷದ ಲಾಭವನ್ನು ಮೀರಿದ ಹಂಚಿಕೆ. ಅದರ ಮೂಲ ಕಂಪನಿಯ ಮೇಲೆ ದೊಡ್ಡ ಸಾಲವಿತ್ತು. ಮರುವರ್ಷ ಡಿವಿಡೆಂಡ್ 29.50ಕ್ಕೆ ಇಳಿಯಿತು. ಹಳೆಯ ಯೀಲ್ಡ್ ನೋಡಿ ಕೊಂಡವರ ಲೆಕ್ಕ ತಲೆಕೆಳಗಾಯಿತು.

ಗಣಿ, ಲೋಹ, ತೈಲದಂಥ ವ್ಯಾಪಾರಗಳಲ್ಲಿ ಇಂಥ ಏರಿಳಿತ ಸಹಜ. ಕೋಲ್ ಇಂಡಿಯಾವನ್ನೇ ನೋಡಿ. 2013-14ಕ್ಕೆ ಷೇರಿಗೆ 29 ರೂಪಾಯಿ ಕೊಟ್ಟಿತ್ತು. 2019-20ಕ್ಕೆ ಅದು 12ಕ್ಕೆ ಇಳಿಯಿತು. 2024-25ಕ್ಕೆ ಮತ್ತೆ 26.50. ನಡುವೆ ಒಂದು ವರ್ಷವೂ ತಪ್ಪಿಸಲಿಲ್ಲ ಅನ್ನುವುದು ನಿಜ. ಆದರೆ 2015ರಲ್ಲಿ 400 ರೂಪಾಯಿ ದಾಟಿದ್ದ ಷೇರು 2020ರಲ್ಲಿ 120ಕ್ಕಿಂತ ಕೆಳಗೆ ಬಿತ್ತು. ಮತ್ತೆ 400 ನೋಡಲು 2024 ಬರಬೇಕಾಯಿತು. ಆ ಎಂಟೊಂಬತ್ತು ವರ್ಷ ಡಿವಿಡೆಂಡ್ ತೆಗೆದುಕೊಳ್ಳುತ್ತಾ ಸುಮ್ಮನೆ ಕೂರಬಲ್ಲವರಿಗೆ ಸರಿ. ನಡುವೆ ಆಪರೇಷನ್ ಖರ್ಚು ಬಂದು ಮಾರಬೇಕಾದವರಿಗೆ ಅಲ್ಲ.

5. ಹಣ ಯಾವ ಕೆಲಸದಿಂದ ಬರುತ್ತದೆ?

ಇದು ಲೆಕ್ಕದ ಪುಸ್ತಕದಲ್ಲಿ ಸಿಗದ ಪ್ರಶ್ನೆ. ಪಾಲುದಾರ ಅಂದ ಮೇಲೆ ಆ ಕಂಪನಿ ಮಾಡುವ ಕೆಲಸದಲ್ಲೂ ನಮ್ಮ ಪಾಲು ಇದೆ. ಡಿವಿಡೆಂಡಿಗೆ ಹೆಸರಾದ ಐಟಿಸಿ 2024-25ಕ್ಕೆ ಷೇರಿಗೆ 14.35 ರೂಪಾಯಿ ಕೊಟ್ಟಿದೆ. ಆಟ್ಟಾ, ಬಿಸ್ಕತ್ತು ಎಲ್ಲ ಮಾಡಿದರೂ ಅದರ ಲಾಭದ ದೊಡ್ಡ ಪಾಲು ಬರುವುದು ಸಿಗರೇಟಿನಿಂದ. ಮದ್ಯದ ಕಂಪನಿಗಳ ಷೇರೂ ಪೇಟೆಯಲ್ಲಿ ಇವೆ. ನಮ್ಮ ಸಂಸ್ಥೆ ವ್ಯಸನಮುಕ್ತಿ ಶಿಬಿರ ನಡೆಸುತ್ತದೆ. ಕುಡಿತದಿಂದ, ತಂಬಾಕಿನಿಂದ ಹಾಳಾದ ಮನೆಗಳ ಹೆಂಗಸರು ನಮ್ಮ ಸ್ವಸಹಾಯ ಸಂಘಗಳಲ್ಲಿ ಇದ್ದಾರೆ. ಅವರ ಉಳಿತಾಯವನ್ನು ಅದೇ ವ್ಯಾಪಾರಕ್ಕೆ ಹಾಕಿ ಎಂದು ನಾವು ಹೇಳಲಾರೆವು. ಕಾನೂನಿನಲ್ಲಿ ಅಡ್ಡಿಯಿಲ್ಲ, ತೀರ್ಮಾನ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ವಿಶ್ವಾಸಕ್ಕೆ ಹೊಂದುವ ಹೂಡಿಕೆ ಹೇಗಿರಬೇಕು ಎಂಬ ಬಗ್ಗೆ ವ್ಯಾಟಿಕನ್ನಿನ ಸಮಾಜ ವಿಜ್ಞಾನ ಅಕಾಡೆಮಿ 2022ರಲ್ಲಿ 'ಮೆನ್ಸೂರಾಮ್ ಬೋನಮ್' ಎಂಬ ದಾಖಲೆ ಪ್ರಕಟಿಸಿದೆ. ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂಬುದೇ ಅದರ ಆಶಯ.

ಒಂದು ಮನೆಯ ಲೆಕ್ಕ

ಎಲ್ಲ ಭದ್ರತೆ ಮುಗಿಸಿ ಒಂದು ಮನೆಯಲ್ಲಿ 3 ಲಕ್ಷ ಉಳಿದಿದೆ ಎಂದುಕೊಳ್ಳೋಣ. ಅದನ್ನು ಬೇರೆ ಬೇರೆ ವ್ಯಾಪಾರದ ಹತ್ತು ಕಂಪನಿಗಳಿಗೆ ತಲಾ 30,000ದಂತೆ ಹಂಚಿದರು. ಯೀಲ್ಡ್ ಶೇ. 3 ಎಂದು ಹಿಡಿದರೆ ವರ್ಷಕ್ಕೆ 9,000 ರೂಪಾಯಿ, ತಿಂಗಳಿಗೆ 750. ಮನೆ ನಡೆಸಲು ಇದು ಸಾಲದು, ಇದನ್ನು ಮೊದಲೇ ತಿಳಿದಿರಬೇಕು. ಒಂದು ವರ್ಷ ಒಂದು ಕಂಪನಿ ಡಿವಿಡೆಂಡ್ ನಿಲ್ಲಿಸಿ, ಇನ್ನೊಂದು ಅರ್ಧ ಮಾಡಿದರೂ 7,650 ಬರುತ್ತದೆ. ಎಲ್ಲವನ್ನೂ ಒಂದೇ ಕಂಪನಿಗೆ ಹಾಕಿ ಅದೇ ನಿಲ್ಲಿಸಿದ್ದರೆ ಬರುವುದು ಸೊನ್ನೆ. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಬ್ಯಾಂಕುಗಳು ಬೇಡ. ಒಂದೇ ಜಾತಿಯ ಹತ್ತು ಗಿಡ ನೆಟ್ಟರೆ ಒಂದೇ ರೋಗಕ್ಕೆ ಹತ್ತೂ ಹೋಗುತ್ತವೆ, ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿವಿಡೆಂಡ್ ವರ್ಷಕ್ಕೆ ಶೇ. 8ರಂತೆ ಹೆಚ್ಚುತ್ತಾ ಹೋದರೆ ಒಂಬತ್ತು ವರ್ಷದಲ್ಲಿ 9,000 ಇದ್ದದ್ದು 18,000 ಆಗುತ್ತದೆ. ಹೆಚ್ಚದೆಯೂ ಇರಬಹುದು. ಮೊದಲ ವರ್ಷಗಳಲ್ಲಿ ಬಂದ ಡಿವಿಡೆಂಡನ್ನು ಖರ್ಚು ಮಾಡದೆ ಮತ್ತೆ ಷೇರಿಗೇ ಹಾಕಿದರೆ ಬೆಳವಣಿಗೆ ಬೇಗ ಆಗುತ್ತದೆ. ಮೂರು ಲಕ್ಷವನ್ನು ಒಂದೇ ದಿನ ಹಾಕುವ ಅಗತ್ಯವೂ ಇಲ್ಲ. ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಳ್ಳಿ.

ಮ್ಯೂಚುವಲ್ ಫಂಡಿನ ಬಗ್ಗೆಯೂ ಒಂದು ಮಾತು. ಅಲ್ಲಿ ಮೊದಲು 'ಡಿವಿಡೆಂಡ್ ಆಯ್ಕೆ' ಎಂದು ಇದ್ದುದಕ್ಕೆ 2021ರ ಏಪ್ರಿಲ್‌ನಿಂದ ಐಡಿಸಿಡಬ್ಲ್ಯು ಎಂಬ ಹೆಸರು ಬಂದಿದೆ. ನಿಮಗೆ ಬರುವ ಹಣದಲ್ಲಿ ನಿಮ್ಮದೇ ಬಂಡವಾಳದ ಭಾಗವೂ ಇರಬಹುದು ಎಂದು ಎಚ್ಚರಿಸುವುದಕ್ಕಾಗಿಯೇ ಹೆಸರು ಬದಲಾಯಿತು. ಅದನ್ನು ಪೂರ್ತಿ ಲಾಭ ಎಂದು ತಿಳಿಯಬೇಡಿ.

ಕೊಳ್ಳುವ ಕ್ರಮ ಮತ್ತು ತೆರಿಗೆ

ಷೇರು ಕೊಳ್ಳಲು ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಡಿಮ್ಯಾಟ್ ಖಾತೆ ಬೇಕು. ಸೆಬಿಯಲ್ಲಿ ನೋಂದಾಯಿಸಿದ ಬ್ರೋಕರ್ ಬಳಿ ಮಾತ್ರ ಖಾತೆ ತೆರೆಯಿರಿ. ಹಣವನ್ನು ಯಾರದೋ ಸ್ವಂತ ಖಾತೆಗೆ ಕಳಿಸಬೇಡಿ. ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬೇಡಿ. ನಾಮಿನಿ ಹೆಸರು ತಪ್ಪದೆ ಬರೆಸಿ, ಮನೆಯವರಿಗೆ ಖಾತೆಯ ವಿಷಯ ತಿಳಿಸಿ.

ಡಿವಿಡೆಂಡಿಗೆ 'ಎಕ್ಸ್ ಡೇಟ್' ಎಂಬ ದಿನ ಇರುತ್ತದೆ. ಅದಕ್ಕೆ ಮುಂಚೆ ಕೊಂಡವರಿಗೆ ಮಾತ್ರ ಆ ಸಲದ ಡಿವಿಡೆಂಡ್. "ನಾಳೆ ಎಕ್ಸ್ ಡೇಟ್, ಇವತ್ತೇ ಕೊಳ್ಳಿ" ಎಂದು ಅವಸರ ಮಾಡಿಸುವವರಿದ್ದಾರೆ. ಆದರೆ ಆ ದಿನ ಷೇರಿನ ಬೆಲೆ ಸಾಮಾನ್ಯವಾಗಿ ಡಿವಿಡೆಂಡಿನಷ್ಟೇ ಕೆಳಗೆ ಇಳಿದು ಆರಂಭವಾಗುತ್ತದೆ. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದಂತೆ. ಮೇಲಿಂದ ತೆರಿಗೆ ಬೇರೆ.

2020ರ ಏಪ್ರಿಲ್‌ನಿಂದ ಡಿವಿಡೆಂಡನ್ನು ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಲೆಕ್ಕ ಹಾಕುತ್ತಾರೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿಗಿಂತ ಹೆಚ್ಚು ಬಂದರೆ ಶೇ. 10 ಕಡಿತ ಮಾಡಿ ಕೊಡುತ್ತಾರೆ. ಈ ಮಿತಿ 2025ರ ಏಪ್ರಿಲ್‌ವರೆಗೆ 5,000 ಇತ್ತು. ಪ್ಯಾನ್ ಕೊಡದಿದ್ದರೆ ಶೇ. 20 ಕಡಿತ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ಸ್ವಯಂ ಘೋಷಣಾ ಪತ್ರ ಕೊಟ್ಟು ಕಡಿತ ತಪ್ಪಿಸಬಹುದು. ವಿದೇಶದಲ್ಲಿ ನೆಲೆಸಿದ ಮಕ್ಕಳ ಹೆಸರಿನಲ್ಲಿ ಷೇರು ಇದ್ದರೆ ನಿಯಮ ಬೇರೆ, ಮೊತ್ತ ಎಷ್ಟೇ ಸಣ್ಣದಾದರೂ ಕಡಿತ ಆಗುತ್ತದೆ.

ಟ್ರಂಕಿನಲ್ಲಿರುವ ಹಳೆಯ ಷೇರು ಪತ್ರಗಳು

ಈಗ ಮೊದಲು ಹೇಳಿದ ತಾಯಿಯ ವಿಷಯಕ್ಕೆ ಬರೋಣ. ಕರಾವಳಿ ಬ್ಯಾಂಕುಗಳ ತವರು. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಪ್ಪನೋ ಅಜ್ಜನೋ ಊರಿನ ಬ್ಯಾಂಕಿನ ನಾಲ್ಕು ಷೇರು ಕೊಂಡಿಟ್ಟಿರುತ್ತಾರೆ. ಬ್ಯಾಂಕಿನ ಹೆಸರು ಹೋದರೂ ಷೇರು ಹೋಗಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು, 1,000 ಷೇರಿಗೆ ಅಲ್ಲಿನ 402 ಷೇರು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಸೇರಿತು, 1,000ಕ್ಕೆ 330. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕ್ ಸೇರಿತು, 1,000ಕ್ಕೆ 158. ಆ 158 ಷೇರು 2024ರಲ್ಲಿ ಐದು ಪಟ್ಟಾಗಿ 790 ಆಗಿದೆ. ಷೇರಿಗೆ 4 ರೂಪಾಯಿಯಂತೆ 2024-25ರ ಡಿವಿಡೆಂಡ್ 3,160 ರೂಪಾಯಿ. ಟ್ರಂಕಿನಲ್ಲಿ ಸುಮ್ಮನೆ ಇದ್ದ ಕಾಗದಕ್ಕೆ!

ಆದರೆ ಕೇಳದೆ ಕೂತರೆ ಸಿಗುವುದಿಲ್ಲ. ಏಳು ವರ್ಷ ಯಾರೂ ತೆಗೆದುಕೊಳ್ಳದ ಡಿವಿಡೆಂಡ್ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಹಾಗಾದರೆ ಷೇರೂ ಅಲ್ಲಿಗೇ ಹೋಗುತ್ತದೆ. ಅಲ್ಲಿ ಹೋದರೂ ಹಕ್ಕು ಕಳೆಯುವುದಿಲ್ಲ, ನಿಧಿಯ ಐಇಪಿಎಫ್-5 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ ವಾಪಸು ಪಡೆಯಬಹುದು. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಹಾಗೆಯೇ ಮಾರಲು ಆಗುವುದಿಲ್ಲ, ಡಿಮ್ಯಾಟ್ ಮಾಡಿಸಬೇಕು. 2024ರ ಏಪ್ರಿಲ್‌ನಿಂದ ಪ್ಯಾನ್, ಬ್ಯಾಂಕ್ ಖಾತೆ ವಿವರ ಕೊಡದ ಕಾಗದದ ಷೇರುಗಳಿಗೆ ಡಿವಿಡೆಂಡನ್ನೂ ತಡೆಹಿಡಿಯುತ್ತಾರೆ.

ಮಾಡಬೇಕಾದ್ದು ಇಷ್ಟು: ಷೇರು ಪತ್ರದ ಮೇಲಿರುವ ಫೋಲಿಯೋ ಸಂಖ್ಯೆ ಬರೆದುಕೊಳ್ಳಿ. ಈಗಿನ ಬ್ಯಾಂಕಿನ ಅಥವಾ ಕಂಪನಿಯ ಷೇರು ರಿಜಿಸ್ಟ್ರಾರ್ ಕಚೇರಿಗೆ ಪತ್ರ ಬರೆಯಿರಿ. ಹೆಸರಿನವರು ತೀರಿಕೊಂಡಿದ್ದರೆ ಮರಣ ಪತ್ರ, ವಾರಸುದಾರರ ದಾಖಲೆ, ಪ್ಯಾನ್, ಆಧಾರ್ ಸಿದ್ಧ ಮಾಡಿ. ಎಲ್ಲ ಕಡೆ ಹೆಸರು ಒಂದೇ ರೀತಿ ಇದೆಯಾ ನೋಡಿ. ನಮ್ಮವರಲ್ಲಿ ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರುವುದರಿಂದ ಅರ್ಜಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. "ಅರ್ಧ ಪಾಲು ಕೊಡಿ, ನಾವು ತೆಗೆಸಿಕೊಡುತ್ತೇವೆ" ಎನ್ನುವ ಮಧ್ಯವರ್ತಿಗಳಿಗೆ ಮೂಲ ಪತ್ರ ಕೊಡಬೇಡಿ.

ಕೊನೆಯ ಮಾತು

ಆ ತಾಯಿಯ ಅರ್ಜಿ ಹೋಗಿದೆ. ಹೆಸರಿನ ಒಂದು ಅಕ್ಷರದ ವ್ಯತ್ಯಾಸಕ್ಕೆ ಒಮ್ಮೆ ವಾಪಸು ಬಂದಿತ್ತು. ಅಫಿಡವಿಟ್ ಮಾಡಿಸಿ ಮತ್ತೆ ಕಳಿಸಿದ್ದೇವೆ. ತಡವಾಗುತ್ತದೆ, ಆದರೆ ಅದು ಅವರ ಹಕ್ಕಿನ ಹಣ. ಗಲ್ಫ್‌ನಿಂದ ಬಂದ ಹಿರಿಯರು ಹೆಚ್ಚಿನ ಪಾಲನ್ನು ಅಂಚೆ ಕಚೇರಿಯಲ್ಲಿ ಇಟ್ಟರು. ಉಳಿದ ಸ್ವಲ್ಪದಲ್ಲಿ ತಿಂಗಳಿಗೊಂದು ಕಂಪನಿಯ ಲೆಕ್ಕ ಓದಿ ಷೇರು ಕೊಳ್ಳುತ್ತಿದ್ದಾರೆ. ಕರಪತ್ರದವರ ಫೋನು ಈಗ ಎತ್ತುತ್ತಿಲ್ಲ ಎಂದು ಮೊನ್ನೆ ಬಲಿಪೂಜೆ ಮುಗಿದ ಮೇಲೆ ಸಿಕ್ಕಾಗ ಹೇಳಿದರು.

ಯಜಮಾನ ಒಪ್ಪಿಸಿದ ಹಣವನ್ನು ಹೆದರಿ ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ಶುಭಸಂದೇಶದಲ್ಲಿ ಕೇಳಿದ್ದೇವೆ. ಹೂತಿಡುವುದು ಸರಿಯಲ್ಲ, ಹಾಗೆಂದು ಯಾರದೋ ಮಾತು ನಂಬಿ ಎಸೆಯುವುದೂ ಸರಿಯಲ್ಲ. ಬೆವರಿನ ಹಣ, ವಿಚಾರಿಸಿ ಇಡಿ.

ಷೇರು ಕೊಳ್ಳುವ ಮುನ್ನ ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ:

- ಹತ್ತು ವರ್ಷದ ಡಿವಿಡೆಂಡ್ ಎಷ್ಟು, ಕಷ್ಟದ ವರ್ಷದಲ್ಲಿ ಎಷ್ಟು?
- ಲಾಭದಲ್ಲಿ ಎಷ್ಟು ಪಾಲು ಹಂಚುತ್ತಿದೆ?
- ಸಾಲ ಎಷ್ಟು?
- ಯೀಲ್ಡ್ ಅತಿಯಾಗಿದ್ದರೆ ಯಾಕೆ?
- ಈ ವ್ಯಾಪಾರದ ಹಣವನ್ನು ಮನೆಗೆ ತರಲು ನಮಗೆ ಮನಸ್ಸಿದೆಯಾ?

ಬ್ರೋಕರ್ ಅಥವಾ ಕಂಪನಿಯಿಂದ ತೊಂದರೆಯಾದರೆ ಸೆಬಿಯ 'ಸ್ಕೋರ್ಸ್' ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಫೋನು, ವಾಟ್ಸಾಪ್ ಮೂಲಕ ಮೋಸ ಆಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಯಾವುದಾದರೂ ಕಾಗದ ನೋಡಿ ಅನುಮಾನ ಬಂದರೆ ಸಹಿ ಹಾಕುವ ಮುನ್ನ ನಿಮ್ಮ ಧರ್ಮಕೇಂದ್ರದ ನಮ್ಮ ಕಾರ್ಯಕರ್ತರಿಗೆ ತೋರಿಸಿ. ಸಹಿ ಹಾಕಿದ ಮೇಲೆ ತೋರಿಸಿದರೆ ನಮ್ಮ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ.